ಒಂದು ಟೊಪ್ಪಿ, ಒಂದು ಏಕವಚನ

ಹೊರಗೆ ಹೋಗಲು ತಲೆಗೆ ಟೊಪ್ಪಿ ಇಲ್ಲ ಎಂಬ ಒಂದೇ ಕಾರಣಕ್ಕೆ, ಇಪ್ಪತ್ತು ವರ್ಷದ ಯುವಕನೊಬ್ಬ ಒಂದು ಚಳಿಗಾಲದ ಬಹುಭಾಗವನ್ನು ತಂದೆಯ ಮನೆಯಲ್ಲೇ ಸೆರೆಯಾಗಿ ಕಳೆದ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಸೀಮೆಯ ಕ್ರೋವೆಲ್ ಎಂಬ ಹಳ್ಳಿ. 1659 ಮುಗಿದು 1660 ಕಾಲಿಡುತ್ತಿದ್ದ ಸಮಯ. ಯುವಕನ ಹೆಸರು ಥಾಮಸ್ ಎಲ್‌ವುಡ್. ಟೊಪ್ಪಿಗಳನ್ನು ಒಂದೊಂದಾಗಿ ಕಿತ್ತುಕೊಂಡು ಇಟ್ಟುಕೊಂಡವನು ಅವನ ತಂದೆ ವಾಲ್ಟರ್ ಎಲ್‌ವುಡ್, ಆ ಸೀಮೆಯ ನ್ಯಾಯಾಧಿಕಾರಿಗಳಲ್ಲೊಬ್ಬ. ಮೊದಲು ಒಂದು ಟೊಪ್ಪಿ ಹೋಯಿತು, ಆಮೇಲೆ ಇನ್ನೊಂದು, ಕೊನೆಗೆ ಕಿವಿ ಮುಚ್ಚುವ ಮಖಮಲ್ಲಿನ ಕುಲಾವಿಯೂ ಹೋಯಿತು. ಸುಖವಾಗಿ ಬೆಳೆದ ಹುಡುಗನ ಬರಿದಲೆಗೆ ಜನವರಿಯ ಚಳಿ ಬಡಿದು, ಮುಖ ಊದಿಕೊಂಡು, ಬಾಯಿ ಹುಣ್ಣಾಗಿ, ಕುಡಿಯುವ ಪದಾರ್ಥದ ಹೊರತು ಬೇರೇನೂ ಒಳಗಿಳಿಯದ ಸ್ಥಿತಿ ಬಂತು. ಅವನ ಅಕ್ಕ ಬಳಿಯಲ್ಲಿ ಕೂತು ಆರೈಕೆ ಮಾಡಿದಳು. ಟೊಪ್ಪಿಗಳು ಮಾತ್ರ ಹಿಂದಿರುಗಲಿಲ್ಲ.

ಹುಡುಗ ಮಾಡಿದ ತಪ್ಪು ಇಷ್ಟೇ: ಅಪ್ಪನ ಎದುರು ಟೊಪ್ಪಿ ತೆಗೆಯುತ್ತಿರಲಿಲ್ಲ, ಅಪ್ಪನನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದ. ಅವನು ಕ್ವೇಕರ್ ಎಂಬ ಕ್ರೈಸ್ತ ಪಂಥದವನಾಗಿದ್ದ.

ಎಲ್‌ವುಡ್ ತನ್ನ ಬದುಕನ್ನು ತಾನೇ ಬರೆದಿಟ್ಟಿದ್ದಾನೆ. ಅವನು ತೀರಿಕೊಂಡ ಮೇಲೆ, 1714ರಲ್ಲಿ ಅದು ಅಚ್ಚಾಯಿತು. ಧರ್ಮಕ್ಕಾಗಿ ಹಿಂಸೆ ಅನುಭವಿಸಿದವರ ಚರಿತ್ರೆಗಳು ಸಾಮಾನ್ಯವಾಗಿ ಮೊದಲ ಪುಟದಿಂದಲೇ ಒಂದು ಎತ್ತರದ ದನಿಯನ್ನು ಹಿಡಿದುಬಿಡುತ್ತವೆ. ಆ ದನಿಯನ್ನು ಕೇಳಿ ಕೇಳಿ ದಣಿದ ನನ್ನಂಥ ಓದುಗನನ್ನು ಎಲ್‌ವುಡ್ ಹಿಡಿದು ಕೂರಿಸುವುದು ತನ್ನ ಸಣ್ಣ ಸಣ್ಣ ವಿವರಗಳಿಂದ. ಜೇಬಿನಲ್ಲಿ ಎಷ್ಟು ಕಾಸಿತ್ತು, ಯಾವ ಬಣ್ಣದ ಬಟ್ಟೆ ಹೊಲಿದೆ, ಯಾರು ಕಿಟಕಿಯ ಬಳಿಗೆ ಓಡಿದರು ಎಂಬುದನ್ನೆಲ್ಲ ಅವನು ಮರೆಯದೆ ದಾಖಲಿಸುತ್ತಾನೆ. ಅಂದಹಾಗೆ, ಈ ಬರಹದುದ್ದಕ್ಕೂ ಅವನನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ. ಬೇರೆಯವರ ವಿಷಯದಲ್ಲಿ ಹೇಗೋ, ಅವನ ವಿಷಯದಲ್ಲಿ ಅದೇ ಸರಿಯಾದ ಮರ್ಯಾದೆ.

ಏಕವಚನದ ಈ ಜಗಳವನ್ನು ಇಂದಿನ ಇಂಗ್ಲಿಷರಿಗೆ ವಿವರಿಸಿ ಹೇಳಬೇಕಾಗುತ್ತದೆ. ಕನ್ನಡಿಗರಿಗೆ ಹೇಳಬೇಕಾಗಿಯೇ ಇಲ್ಲ. ಆ ಕಾಲದ ಇಂಗ್ಲಿಷಿನಲ್ಲಿ ‘ದೌ’ ಎಂದರೆ ನೀನು, ‘ಯು’ ಎಂದರೆ ನೀವು. ಇಂದು ನಮ್ಮ ಕಿವಿಗೆ ‘ದೌ’ ಎಂಬುದು ಚರ್ಚಿನ ಗಂಟೆಯಂತೆ ಗಂಭೀರವಾಗಿ ಕೇಳಿಸುತ್ತದೆ, ಆದರೆ ಅದು ದೊಡ್ಡ ಮಾತಾಗಿರಲಿಲ್ಲ. ಆಳುಕಾಳುಗಳಿಗೆ, ಮಕ್ಕಳಿಗೆ, ಆಪ್ತರಿಗೆ, ಮತ್ತು ದೇವರಿಗೆ ಬಳಸುವ ಮಾತಾಗಿತ್ತು. ನಾವೂ ದೇವರನ್ನು ಕರೆಯುವುದು ‘ನೀನು’ ಎಂದೇ. ನಮ್ಮ ಮನೆಯಲ್ಲಿ ಅಮ್ಮನಿಗೆ ನೀನು, ಅಪ್ಪನಿಗೆ ನೀವು. ಇದನ್ನು ಯಾರೂ ಕೂರಿಸಿಕೊಂಡು ಕಲಿಸಿದ ನೆನಪಿಲ್ಲ, ತಪ್ಪಿದರೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಬಸ್ಸಿನಲ್ಲಿ ಚಿಲ್ಲರೆಗಾಗಿ ಆರಂಭವಾದ ಜಗಳ ‘ಏಕವಚನದಲ್ಲಿ ಮಾತಾಡಬೇಡ್ರೀ’ ಎಂಬಲ್ಲಿಗೆ ಬಂದು ನಿಂತಾಗ, ಚಿಲ್ಲರೆಯ ವಿಷಯ ಇಬ್ಬರಿಗೂ ಮರೆತೇಹೋಗಿರುವುದನ್ನು ನಾವೆಲ್ಲ ನೋಡಿದ್ದೇವೆ.

ಕ್ವೇಕರರ ವಾದ ಸರಳವಾಗಿತ್ತು, ಆ ಕಾರಣಕ್ಕೇ ಎದುರಿಗಿದ್ದವರನ್ನು ಕೆರಳಿಸುತ್ತಿತ್ತು. ಒಬ್ಬ ಮನುಷ್ಯನನ್ನು ‘ನೀವು’ ಎನ್ನುವುದು ಲೆಕ್ಕದ ಪ್ರಕಾರ ಸುಳ್ಳು. ಹಣ ಅಧಿಕಾರಗಳಿದ್ದವನಿಗೆ ಮಾತ್ರ ಆ ಸುಳ್ಳನ್ನು ಹೇಳುವುದು ಮುಖಸ್ತುತಿ. ಟೊಪ್ಪಿ ತೆಗೆಯುವ ಗೌರವ ಪ್ರಾರ್ಥನೆಯಲ್ಲಿ ದೇವರಿಗೆ ಸಲ್ಲತಕ್ಕದ್ದು. ಮನುಷ್ಯರಲ್ಲಿ ಒಬ್ಬನಿಗೆ ತೆಗೆದು ಇನ್ನೊಬ್ಬನಿಗೆ ತೆಗೆಯದಿರುವುದು ದೇವರು ಮಾಡದ ಭೇದವನ್ನು ನಾವು ಮಾಡಿದಂತೆ. ಆಣೆಯಿಡುವುದಂತೂ ಸಾಧ್ಯವೇ ಇಲ್ಲ, ಏಕೆಂದರೆ ಯೇಸು ಸ್ವಾಮಿ ಆಣೆಯೇ ಇಡಬೇಡಿ ಎಂದಿದ್ದಾನೆ. ಅಲ್ಲದೆ ಆಣೆಯಿಟ್ಟಾಗ ಹೇಳುವುದು ನಿಜವಾದರೆ ಉಳಿದ ಹೊತ್ತು ಹೇಳುವುದೇನು? ಪ್ರತಿ ಮನುಷ್ಯನೊಳಗೂ ದೇವರ ಬೆಳಕು ಇದೆ, ಅದಕ್ಕೆ ಪಾದ್ರಿಯ ಮಧ್ಯಸ್ಥಿಕೆ ಬೇಕಿಲ್ಲ ಎಂದು 1650ರ ಸುಮಾರಿಗೆ ಜಾರ್ಜ್ ಫಾಕ್ಸ್ ಎಂಬ ನೇಕಾರನ ಮಗ ಸಾರಿದ ಮಾತಿನಿಂದ ಇವೆಲ್ಲ ಹುಟ್ಟಿದ್ದವು. ‘ಕ್ವೇಕರ್’ ಅಂದರೆ ನಡುಗುವವನು; ಡರ್ಬಿಯ ನ್ಯಾಯಾಧಿಕಾರಿಯೊಬ್ಬ ಫಾಕ್ಸ್‌ನನ್ನು ಹಂಗಿಸಲು ಆಡಿದ ಮಾತು ಅದು. ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಮಿತ್ರರು ಎಂದು.

ಎಲ್‌ವುಡ್‌ಗೆ ಈ ಮಿತ್ರರ ನಂಟು ಬಂದದ್ದು ಬಾಲ್ಯದ ಗೆಳೆತನದಿಂದ. ಅಂತರ್ಯುದ್ಧದ ಕಾಲದಲ್ಲಿ ಅವನ ಮನೆಯವರು ಲಂಡನ್ನಿನಲ್ಲಿದ್ದಾಗ ಸ್ಪ್ರಿಂಗೆಟ್ ಎಂಬ ಮನೆತನದ ವಿಧವೆಯೊಬ್ಬಳ ಪರಿಚಯವಾಗಿತ್ತು. ಅವಳ ಪುಟ್ಟ ಮಗಳು ಗುಲಿಯೆಲ್ಮಾ ಇವನ ಆಟದ ಜೊತೆಗಾತಿ. ಮುಂದೆ ಆ ವಿಧವೆ ಐಸಾಕ್ ಪೆನಿಂಗ್ಟನ್‌ನನ್ನು ಮದುವೆಯಾಗಿ ಚಾಲ್ಫಂಟ್‌ನಲ್ಲಿ ನೆಲೆಸಿದಾಗ, ಎಲ್‌ವುಡ್‌ಗಳು ಹಳೆಯ ಸ್ನೇಹಿತರನ್ನು ನೋಡಲು ಹೋದರು. ಹಿಂದೆ ನಗುತ್ತ ಹರಟುತ್ತಿದ್ದ ಮನೆಯಲ್ಲಿ ಮೌನ, ಮಿತಭಾಷೆ. ತಂದೆ ಮಗ ಇಬ್ಬರೂ ಕಕ್ಕಾಬಿಕ್ಕಿಯಾದರು. ಎರಡನೆಯ ಸಲ ಹೋದಾಗ ಅಲ್ಲಿ ಎಡ್ವರ್ಡ್ ಬರೋ ಎಂಬ ತರುಣ ಪ್ರವಚನಕಾರನ ಮಾತನ್ನು ಹುಡುಗ ಕೇಳಿದ. ಬರೋನ ಜೊತೆಗೆ ಇನ್ನೊಬ್ಬನಿದ್ದ, ನೋಡಲು ರೈತನಂತೆ, ಕುರುಬನಂತೆ ಸಾದಾ ಮನುಷ್ಯ. ಧರ್ಮಚರ್ಚೆಗೆ ಇಳಿದ ವಾಲ್ಟರ್ ಎಲ್‌ವುಡ್‌ಗೆ ಅವನು ಕೊಟ್ಟ ಉತ್ತರಗಳು ಮಾತ್ರ ಸಾದಾ ಆಗಿರಲಿಲ್ಲ. ಅವನು ಜೇಮ್ಸ್ ನೇಲರ್. ಮೂರು ವರ್ಷದ ಹಿಂದೆ ದೇವನಿಂದೆಯ ಆರೋಪದ ಮೇಲೆ ಪಾರ್ಲಿಮೆಂಟೇ ವಿಚಾರಣೆ ನಡೆಸಿ, ಚಾಟಿಯಿಂದ ಹೊಡೆಸಿ, ಕಾಸಿದ ಕಬ್ಬಿಣದಿಂದ ನಾಲಗೆಗೆ ತೂತು ಹಾಕಿಸಿ, ಹಣೆಗೆ ಬರೆ ಎಳೆಸಿದ್ದ ಮನುಷ್ಯ. ಆ ಬರೆಯ ಹಣೆಯ ಎದುರು ಕೂತು ಹುಡುಗ ಚರ್ಚೆ ಕೇಳಿದ್ದಾನೆ. ಈ ಹಾದಿಯಲ್ಲಿ ಹೋದರೆ ಏನಾಗಬಹುದು ಎಂಬುದು ಅವನಿಗೆ ತಿಳಿಯದ್ದೇನಲ್ಲ.

ಇದಾದ ಕೆಲವು ದಿನಗಳಲ್ಲೇ ತಂದೆ ಯಾವುದೋ ಕೆಲಸಕ್ಕೆ ಅವನನ್ನು ಆಕ್ಸ್‌ಫರ್ಡಿನ ನ್ಯಾಯಸಭೆಗೆ ಕಳಿಸಿದ. ಅಲ್ಲಿ ಹಳೆಯ ಗೆಳೆಯರ ಗುಂಪು ಎದುರಾಯಿತು. ರೂಢಿಯಂತೆ ಅವರು ಟೊಪ್ಪಿ ತೆಗೆದು, ಬಾಗಿ, ‘ತಮ್ಮ ವಿನೀತ ಸೇವಕ’ ಎಂದರು. ಎಲ್‌ವುಡ್ ಟೊಪ್ಪಿ ಮುಟ್ಟಲಿಲ್ಲ, ಮೊಣಕಾಲು ಬಗ್ಗಿಸಲಿಲ್ಲ, ಸುಮ್ಮನೆ ನಿಂತ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಅವನ ಹೆಗಲ ಮೇಲೆ ಕೈಯಿಟ್ಟು ನಗುತ್ತ, ‘ಏನೋ ಟಾಮ್, ಕ್ವೇಕರೇನೋ!’ ಎಂದ. ‘ಹೌದು, ಕ್ವೇಕರ್’ ಎಂದು ಇವನು ಉತ್ತರಿಸಿದ. ಮಾತು ಬಾಯಿಂದ ಹೊರಬಿದ್ದ ಕೂಡಲೇ ಮನಸ್ಸು ಹಗುರಾಗಿ ಸಂತೋಷ ಉಕ್ಕಿತು ಎಂದು ಬರೆದುಕೊಂಡಿದ್ದಾನೆ. ಗೆಳೆಯರ ಎದುರು ನಾಚಿಕೆ ಬಿಟ್ಟು ನಿಲ್ಲುವುದು ಜೈಲಿಗಿಂತ ಕಷ್ಟದ ಕೆಲಸವಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಜೈಲಿನ ಬಗ್ಗೆ ಬರೆಯುವಾಗ ಅವನ ಕೈ ಇಲ್ಲಿ ಅಳುಕಿದಷ್ಟು ಅಳುಕುವುದಿಲ್ಲ.

ಆದರೆ ಅಪ್ಪನ ಎದುರು? ಅದೇ ಅತ್ಯಂತ ಕಷ್ಟದ್ದಾಗಿತ್ತು. ಕ್ವೇಕರರ ಸಭೆಗೆ ಹೋಗಿ ಬಂದ ಮಗ ತಲೆಯ ಮೇಲೆ ಟೊಪ್ಪಿ ಇಟ್ಟುಕೊಂಡೇ ಎದುರು ನಿಂತದ್ದನ್ನು ಕಂಡು ವಾಲ್ಟರ್ ಎರಡೂ ಕೈಗಳಿಂದ ಗುದ್ದಿ, ಟೊಪ್ಪಿ ಕಿತ್ತು ಎಸೆದ. ಮುಂದೊಂದು ದಿನ ಮಗನ ಬಾಯಿಂದ ‘ನೀನು’ ಹೊರಬಿದ್ದಾಗ, ‘ಎಲವೋ, ಇನ್ನೊಂದು ಸಲ ನನಗೆ ನೀನು ಗೀನು ಅಂದರೆ ನಿನ್ನ ಹಲ್ಲುಗಳನ್ನು ಗಂಟಲೊಳಗೆ ಇಳಿಸಿಬಿಡುತ್ತೇನೆ’ ಎಂದ. ಇನ್ನೊಂದು ದಿನ ಬೆತ್ತ ಹಿಡಿದ. ಅಕ್ಕ ಓಡಿಬಂದು, ನಿಲ್ಲಿಸದಿದ್ದರೆ ಕಿಟಕಿ ತೆರೆದು ಕೊಲೆ ಕೊಲೆ ಎಂದು ಕೂಗುತ್ತೇನೆ ಎಂದು ಬೆದರಿಸಬೇಕಾಯಿತು. ಊಟದ ಹೊತ್ತಿನಲ್ಲಿ, ತಲೆಯ ಮೇಲಿನ ಆ ಜೇನುಗೂಡನ್ನು ಇಳಿಸದಿದ್ದರೆ ಎದ್ದು ಬೇರೆಲ್ಲಾದರೂ ಹೋಗಿ ಉಣ್ಣು ಎಂದು ಅಪ್ಪ ಹೇಳಿದ ಮೇಲೆ, ಮಗ ಆಳುಗಳ ಜೊತೆ ಅಡುಗೆಮನೆಯಲ್ಲಿ ಉಣ್ಣತೊಡಗಿದ.

ಈ ತಂದೆಯನ್ನು ರಾಕ್ಷಸ ಎಂದು ಬದಿಗಿಡಲು ನನ್ನಿಂದ ಆಗುವುದಿಲ್ಲ. ಊರಿನವರೆಲ್ಲ ಟೊಪ್ಪಿ ತೆಗೆದು ನಿಲ್ಲುವ ನ್ಯಾಯಾಧಿಕಾರಿಯ ಮನೆಯಲ್ಲೇ ಮಗ ತೆಗೆಯುವುದಿಲ್ಲ ಎಂದರೆ, ಅವನು ಬೀದಿಯಲ್ಲಿ ಹೇಗೆ ಓಡಾಡಬೇಕು? ಅಲ್ಲದೆ ಕ್ರೌರ್ಯದ ನಡುನಡುವೆ ಅವನು ಬಗ್ಗುವುದೂ ಉಂಟು. ವಸಂತದ ಹೊತ್ತಿಗೆ ಪೆನಿಂಗ್ಟನ್ ದಂಪತಿಗಳು ಬಂದು, ಹುಡುಗನನ್ನು ಕೆಲವು ವಾರ ತಮ್ಮಲ್ಲಿಗೆ ಕರೆದೊಯ್ಯುತ್ತೇವೆ ಎಂದು ಕೇಳಿಕೊಂಡಾಗ ತಂದೆ ಒಪ್ಪಿದ. ಎಲ್ಲರೂ ಸಾರೋಟಿನ ಬಳಿಗೆ ಬಂದರು. ಹುಡುಗನ ತಲೆ ಬರಿದು. ಅಕ್ಕ ಅಪ್ಪನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಟೊಪ್ಪಿ ತರಲು ಅಪ್ಪಣೆಯಾಯಿತು. ಟೊಪ್ಪಿ ಬರುತ್ತಿರುವುದು ಕಂಡದ್ದೇ ತಡ, ಅತಿಥಿಗಳ ಎದುರಿಗೆ ಮಗ ಅದನ್ನು ತಲೆಗೇರಿಸಿ ನಿಲ್ಲುವುದನ್ನು ನೋಡಬೇಕಾದೀತೆಂದು, ವಾಲ್ಟರ್ ಅವಸರದಲ್ಲಿ ಬೀಳ್ಕೊಟ್ಟು ಮನೆಯೊಳಗೆ ಹೋಗಿಬಿಟ್ಟ. ಬೆನ್ನು ತಿರುಗಿಸಿ ಒಳಗೆ ನಡೆಯುತ್ತಿರುವ ಆ ಅಪ್ಪ ನನ್ನ ಕಣ್ಣಿಗೆ ಕಟ್ಟಿದಂತಿದ್ದಾನೆ.

ಅದೇ ವರ್ಷ ಎರಡನೆಯ ಚಾರ್ಲ್ಸ್ ದೊರೆ ಸಿಂಹಾಸನಕ್ಕೆ ಮರಳಿದ. ಧಾರ್ಮಿಕ ನಂಬಿಕೆಗಾಗಿ ಯಾರನ್ನೂ ಕಾಡುವುದಿಲ್ಲ ಎಂದು ಅವನು ಕೊಟ್ಟ ಮಾತು ಬಹುಕಾಲ ನಿಲ್ಲಲಿಲ್ಲ. 1661ರ ಜನವರಿಯಲ್ಲಿ ಲಂಡನ್ನಿನಲ್ಲಿ ಬೇರೊಂದು ಪಂಥದ ಸಣ್ಣ ಗುಂಪು ಆಯುಧ ಹಿಡಿದು ದಂಗೆಯೆದ್ದ ನೆಪದಲ್ಲಿ, ಆಯುಧವನ್ನೇ ಮುಟ್ಟುವುದಿಲ್ಲ ಎಂದು ಸಾರಿದ್ದ ಕ್ವೇಕರರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೆಲವೇ ವಾರಗಳಲ್ಲಿ ಜೈಲಿಗೆ ತುಂಬಿದರು. 1662ರ ಕ್ವೇಕರ್ ಕಾಯಿದೆಯ ಪ್ರಕಾರ ಆಣೆಯಿಡಲು ಒಪ್ಪದಿರುವುದೂ ಅಪರಾಧ, ಹದಿನಾರು ವರ್ಷ ತುಂಬಿದ ಐದು ಅಥವಾ ಅದಕ್ಕಿಂತ ಹೆಚ್ಚು ಕ್ವೇಕರರು ಆರಾಧನೆಗೆಂದು ಒಟ್ಟು ಸೇರುವುದೂ ಅಪರಾಧ. ಮೊದಲ ಸಲಕ್ಕೆ ದಂಡ, ಮೂರನೆಯ ಸಲಕ್ಕೆ ಕಡಲಾಚೆಯ ಗಡೀಪಾರು. ನ್ಯಾಯಾಧೀಶರಿಗೆ ಇದು ಹೇಳಿ ಮಾಡಿಸಿದ ಉಪಾಯವಾಗಿತ್ತು: ಬೇರಾವ ಆರೋಪ ಸಾಬೀತಾಗದಿದ್ದರೂ ಚಿಂತೆಯಿಲ್ಲ, ರಾಜನಿಷ್ಠೆಯ ಪ್ರಮಾಣ ಮಾಡು ಎಂದರಾಯಿತು. ಕ್ವೇಕರ್ ಮಾಡುವುದಿಲ್ಲ ಎನ್ನುವುದು ಖಚಿತ.

ಎಲ್‌ವುಡ್ ಸಿಕ್ಕಿಬಿದ್ದದ್ದು 1662ರ ಅಕ್ಟೋಬರ್ 26ರಂದು, ಲಂಡನ್ನಿನ ಆಲ್ಡರ್ಸ್‌ಗೇಟ್ ಬಳಿಯ ‘ಬುಲ್ ಅಂಡ್ ಮೌತ್’ ಎಂಬಲ್ಲಿ ಸೇರಿದ್ದ ಸಭೆಯಲ್ಲಿ. ಸೈನಿಕರು ಅವರನ್ನು ಬ್ರೈಡ್‌ವೆಲ್ ಎಂಬ ಸೆರೆಮನೆಗೆ ತಂದು ಬಿಟ್ಟರು. ಅದು ಹಿಂದೊಮ್ಮೆ ಅರಮನೆಯಾಗಿದ್ದ ಕಟ್ಟಡ. ದಾರಿ ಹುಡುಕುತ್ತ ಒಂದು ಬಾಗಿಲೊಳಗೆ ಇಣುಕಿದವನು ಬೆಚ್ಚಿ ಹಿಂದೆ ಸರಿದ: ಗೋಡೆಗಳಿಗೆಲ್ಲ ಕಪ್ಪು ಬಟ್ಟೆ ತೂಗುಬಿಟ್ಟ ಕೋಣೆ, ಒಳಗೆ ಚಾಟಿಯೇಟಿನ ಕಂಬವೊಂದರ ಹೊರತು ಬೇರೇನಿಲ್ಲ. ಮೇಲಿನ ದೊಡ್ಡ ಹಜಾರದಲ್ಲಿ ಉಳಿದ ಮಿತ್ರರು ಸಿಕ್ಕರು. ಅವನ ಜೇಬಿನಲ್ಲಿದ್ದದ್ದು ಕೆಲವೇ ಪೆನ್ನಿ. ಪೆನಿಂಗ್ಟನ್ನರ ಕಡೆಯಿಂದ ಸ್ವಲ್ಪ ಹಣ ಬಂದು ಕಷ್ಟ ಕಳೆಯಿತಾದರೂ ಸುಮ್ಮನೆ ಕೂರಲು ಮನಸ್ಸಾಗದೆ ಕೆಲಸ ಹುಡುಕಿಕೊಂಡ. ಚೀಪ್‌ಸೈಡಿನ ಬಟ್ಟೆ ವ್ಯಾಪಾರಿಯೊಬ್ಬನಿಗಾಗಿ ಹೆಂಗಸರು ಮಕ್ಕಳು ರಾತ್ರಿ ತೊಡುವ ಒಳಕವಚಗಳನ್ನು, ಕೆಂಪು ಹಳದಿ ಫ್ಲಾನೆಲ್ ಬಟ್ಟೆಯಲ್ಲಿ, ಹೊಲಿಯುವ ಕೆಲಸ. ಆ ಕೋಣೆಯಲ್ಲಿ ದರ್ಜಿಗಳು ಹಲವರಿದ್ದರು. ಅವರ ನಡುವೆ ಅವರಂತೆಯೇ ಚಕ್ಕಳಮಕ್ಕಳ ಹಾಕಿ ಕೂತು ನ್ಯಾಯಾಧಿಕಾರಿಯ ಮಗ ಸೂಜಿ ಹಿಡಿದ.

ಎರಡು ತಿಂಗಳು ಹೀಗೆ ಕಳೆದ ಮೇಲೆ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ಕರೆಸಿ ಪ್ರಮಾಣ ಮಾಡು ಎಂದರು. ಕಾರಣವಿಲ್ಲದೆ ಎರಡು ತಿಂಗಳು ಕೂಡಿಹಾಕಿದ್ದೀರಿ, ಮೊದಲು ಅದಕ್ಕೆ ನ್ಯಾಯ ಹೇಳಿ, ಆಮೇಲೆ ಪ್ರಮಾಣದ ಮಾತು ಎಂದು ಅವನು ವಾದಿಸಿದ. ವಾದ ಚೆನ್ನಾಗಿಯೇ ಇತ್ತು. ಅದರಿಂದಾಗಿ ಸಿಕ್ಕಿದ್ದು ನ್ಯೂಗೇಟ್ ಜೈಲು.

ನ್ಯೂಗೇಟಿನಲ್ಲಿ ಕಳ್ಳರು, ದರೋಡೆಕೋರರು, ಕ್ವೇಕರರು ಎಲ್ಲರೂ ಒಟ್ಟಿಗೆ. ರಾತ್ರಿ ಮಲಗಲು ಒಂದೇ ದೊಡ್ಡ ದುಂಡು ಕೋಣೆ. ಮೇಲಿನ ಪ್ರಾರ್ಥನಾಮಂದಿರವನ್ನು ಹೊತ್ತ ಓಕ್ ಮರದ ದಪ್ಪ ಕಂಬವೊಂದು ಅದರ ನಡುವೆ. ಆ ಕಂಬದಿಂದ ಸುತ್ತಲಿನ ಗೋಡೆಗೆ ತೂಗುಜೋಲಿಗಳನ್ನು ಕಟ್ಟಿ, ಒಂದರ ಮೇಲೊಂದರಂತೆ ಮೂರು ಅಂತಸ್ತು ಮಾಡಿ ಮಲಗುತ್ತಿದ್ದರು. ಮೇಲಿನವರು ಮೊದಲು ಏರಬೇಕು, ಕೆಳಗಿನವರು ಕೊನೆಗೆ. ಅದರ ಕೆಳಗೆ ನೆಲದ ಮೇಲೆ ರೋಗಿಗಳ ಹಾಸಿಗೆ. ಅಷ್ಟು ಜನರ ಉಸಿರು, ಅಷ್ಟು ಜ್ವರ, ಅದೇ ಗಾಳಿ.

ಆ ದಿನಗಳಲ್ಲಿ ರಾಜದ್ರೋಹದ ಆರೋಪದ ಮೇಲೆ ಗಲ್ಲಿಗೇರಿಸಿ ತುಂಡು ಮಾಡಿದ ಮೂವರ ದೇಹಭಾಗಗಳನ್ನು ಸಂಬಂಧಿಕರಿಗೆ ಹೂಳಲು ಅಪ್ಪಣೆ ಸಿಗುವ ತನಕ ಅಲ್ಲೇ ಒಂದು ಕೋಣೆಯಲ್ಲಿ ಇಟ್ಟಿದ್ದರು. ತಲೆಗಳನ್ನು ಮಾತ್ರ ಊರ ಬಾಗಿಲಲ್ಲಿ ನೆಡಲು ಹದ ಮಾಡಬೇಕಾಗಿತ್ತು. ಗಲ್ಲುಗಾರ ಅವುಗಳನ್ನು ಕೊಳಕು ಬುಟ್ಟಿಯಲ್ಲಿ ತಂದು, ಕೂದಲು ಹಿಡಿದು ಆಡಿಸುತ್ತ, ಕೈದಿಗಳೊಡನೆ ಸೇರಿ ಹಾಸ್ಯ ಮಾಡುತ್ತ, ಆಮೇಲೆ ಹಂಡೆಯಲ್ಲಿ ಉಪ್ಪು ಜೀರಿಗೆ ಹಾಕಿ ಕುದಿಸಿದ. ಕೊಳೆಯದಿರಲು ಉಪ್ಪು, ಹಕ್ಕಿಗಳು ಕುಕ್ಕದಿರಲು ಜೀರಿಗೆ ಎಂದು ಎಲ್‌ವುಡ್ ವಿವರಿಸುತ್ತಾನೆ. ಅದನ್ನು ಓದಿದ ದಿನ ನನಗೆ ಒಗ್ಗರಣೆಯ ಘಮ ಸೇರಲಿಲ್ಲ.

ಕೊನೆಗೆ ಜೋಲಿಗಳ ಆ ಕೋಣೆಯಲ್ಲಿ ಕ್ವೇಕರನೊಬ್ಬ ಸತ್ತ. ಜೈಲಿನಲ್ಲಿ ಸತ್ತರೆ ಪಂಚನಾಮೆ ಆಗಬೇಕು. ಪಂಚರ ಮುಖ್ಯಸ್ಥ ಒಬ್ಬ ಗಂಭೀರ ಮುದುಕ. ಸತ್ತವನು ಮಲಗಿದ್ದ ಜಾಗವನ್ನು ನೋಡಲೇಬೇಕೆಂದು ಹಟ ಹಿಡಿದು ಒಳಗೆ ಬಂದವನು ಎರಡೂ ಕೈ ಎತ್ತಿಬಿಟ್ಟ. ಇಂಗ್ಲಿಷರು ಇಂಗ್ಲಿಷರನ್ನು ಹೀಗೆ ನಡೆಸಿಕೊಳ್ಳುವಷ್ಟು ಕ್ರೂರಿಗಳೆಂದು ತಿಳಿದಿರಲಿಲ್ಲ, ಇವನು ಹೇಗೆ ಸತ್ತ ಎಂದು ಕೇಳುವುದೇನು, ಉಳಿದವರು ಹೇಗೆ ಬದುಕಿದ್ದಾರೆ ಎಂದು ಕೇಳಬೇಕು ಎಂದ. ಮರುದಿನವೇ ಬ್ರೈಡ್‌ವೆಲ್‌ನಿಂದ ಬಂದವರನ್ನು ಅಲ್ಲಿಗೇ ಮರಳಿ ಕಳಿಸಲು ಆಜ್ಞೆಯಾಯಿತು.

ಜೊತೆಗೆ ಹೋಗಬೇಕಾದ ಜೈಲಿನವನಿಗೆ ಅಷ್ಟು ದೂರ ನಡೆಯುವ ಉತ್ಸಾಹವಿರಲಿಲ್ಲ. ನಿಮಗೆ ದಾರಿ ಗೊತ್ತು, ನಿಮ್ಮನ್ನು ನಂಬಬಹುದು, ರಾತ್ರಿ ಮಲಗುವ ಹೊತ್ತಿಗೆ ಅಲ್ಲಿದ್ದರೆ ಸಾಕು ಎಂದ. ಹಾಗಾಗಿ ಗಂಟುಮೂಟೆಗಳನ್ನು ಹೆಗಲಿಗೇರಿಸಿಕೊಂಡು ಕೈದಿಗಳು ಇಬ್ಬಿಬ್ಬರಾಗಿ ಲಂಡನ್ನಿನ ಬೀದಿಯಲ್ಲಿ ನಡೆದರು. ಅಂಗಡಿಯವರು ಬಾಗಿಲಿಗೆ ಬಂದು, ಯಾರು ನೀವು, ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಕೈದಿಗಳು, ನ್ಯೂಗೇಟಿನಿಂದ ಬ್ರೈಡ್‌ವೆಲ್‌ಗೆ. ಕಾವಲಿನವನಿಲ್ಲದೆಯೇ? ‘ಕೊಟ್ಟ ಮಾತೇ ನಮಗೆ ಕಾವಲು’ ಎಂದರು ಇವರು. ಹಾಗಾದರೆ ಜೈಲಿಗೇಕೆ ಹೋಗುತ್ತೀರಿ, ಮನೆಗೆ ಹೋಗಿ ಎಂದು ಬುದ್ಧಿ ಹೇಳಿದವರೂ ಇದ್ದರು. ಆಣೆಯಿಡುವುದಿಲ್ಲ ಎಂಬ ಕಾರಣಕ್ಕೆ ನ್ಯೂಗೇಟ್ ಸೇರಿದ್ದವರು, ಬರುತ್ತೇವೆ ಎಂದು ಬರಿಮಾತಿನಲ್ಲಿ ಹೇಳಿ, ಹೊತ್ತಿಗೆ ಸರಿಯಾಗಿ ಬ್ರೈಡ್‌ವೆಲ್ ಬಾಗಿಲಲ್ಲಿ ಬಂದು ನಿಂತರು.

ಮುಂದಿನ ನ್ಯಾಯಸಭೆಯಲ್ಲಿ ಎಲ್‌ವುಡ್‌ಗೆ ಬಿಡುಗಡೆಯಾಯಿತು. 1663ರ ಫೆಬ್ರವರಿಯಲ್ಲಿ ಅದೇ ನ್ಯೂಗೇಟಿನಲ್ಲಿ ಎಡ್ವರ್ಡ್ ಬರೋ ತೀರಿಕೊಂಡ. ಅವನಿಗೆ ಮೂವತ್ತು ತುಂಬಿರಲಿಲ್ಲ. ಎಲ್‌ವುಡ್ ಮಾತ್ರ ಎಪ್ಪತ್ತು ದಾಟಿ ಬದುಕಿದ. ಪೆನಿಂಗ್ಟನ್ ಮಕ್ಕಳಿಗೆ ಪಾಠ ಹೇಳಿದ, 1669ರಲ್ಲಿ ಪಾದ್ರಿಯಿಲ್ಲದೆ ಕ್ವೇಕರ್ ರೀತಿಯಲ್ಲಿ ಮದುವೆಯಾಗಿ ಅಪ್ಪನ ಸಿಟ್ಟಿಗೆ ಮತ್ತೊಮ್ಮೆ ಗುರಿಯಾದ, ಜಾರ್ಜ್ ಫಾಕ್ಸ್ ಬಿಟ್ಟುಹೋದ ದಿನಚರಿಯನ್ನು ತಿದ್ದಿ 1694ರಲ್ಲಿ ಪ್ರಕಟಿಸಿದ. ಆ ತಿದ್ದುವಿಕೆಯಲ್ಲಿ ಫಾಕ್ಸ್‌ನ ಒರಟು ಅಂಚುಗಳನ್ನು ಸಾಕಷ್ಟು ಉಜ್ಜಿ ನಯ ಮಾಡಿದ್ದಾನೆ. ಅಪ್ಪನ ಮುಂದೆ ಒಂದು ಸರ್ವನಾಮಕ್ಕೂ ರಾಜಿಯಾಗದವನು ಗುರುವಿನ ಮಾತನ್ನು ನಯಗೊಳಿಸಿದ್ದು ನನಗೆ ಅಷ್ಟಾಗಿ ಹಿಡಿಸದ ಸಂಗತಿ.

ಇನ್ನೊಂದು ನಂಟಿನ ವಿಷಯ ಉಳಿಯಿತು. ಬುಲ್ ಅಂಡ್ ಮೌತ್‌ನಲ್ಲಿ ಸೆರೆ ಸಿಗುವ ಮುನ್ನ, 1662ರಲ್ಲೇ, ಎಲ್‌ವುಡ್ ಲಂಡನ್ನಿನಲ್ಲಿ ಒಬ್ಬ ಕುರುಡ ಪಂಡಿತನಿಗೆ ಮಧ್ಯಾಹ್ನಗಳಲ್ಲಿ ಲ್ಯಾಟಿನ್ ಗ್ರಂಥಗಳನ್ನು ಓದಿ ಹೇಳುತ್ತಿದ್ದ. ಪಂಡಿತ ಅವನಿಂದ ಇಂಗ್ಲಿಷರ ಉಚ್ಚಾರಣೆಯನ್ನು ಬಿಡಿಸಿ ಇಟಲಿಯವರಂತೆ ಓದಲು ಕಲಿಸಿದ. ಅರ್ಥವಾಗದ ಸಾಲು ಬಂದರೆ ಓದುವವನ ದನಿಯಲ್ಲೇ ಅದನ್ನು ಗುರುತಿಸಿ, ತಡೆದು ನಿಲ್ಲಿಸಿ, ಬಿಡಿಸಿ ಹೇಳುತ್ತಿದ್ದ. ಅವನು ಕವಿ ಜಾನ್ ಮಿಲ್ಟನ್. 1665ರಲ್ಲಿ ಲಂಡನ್ನಿಗೆ ಪ್ಲೇಗ್ ಬಂದಾಗ ಅವನಿಗಾಗಿ ಚಾಲ್ಫಂಟ್ ಸೇಂಟ್ ಜೈಲ್ಸ್ ಎಂಬ ಊರಿನಲ್ಲಿ ಒಂದು ಪುಟ್ಟ ಮನೆ ಗೊತ್ತು ಮಾಡಿದವನೂ ಎಲ್‌ವುಡ್ಡೇ. ಆದರೆ ಮಿಲ್ಟನ್ ಬರುವ ಹೊತ್ತಿಗೆ ಸ್ವಾಗತಿಸಲು ಇವನಿರಲಿಲ್ಲ. ಮಿತ್ರನೊಬ್ಬನ ಶವಯಾತ್ರೆಯಲ್ಲಿ ಹೋಗುತ್ತಿದ್ದವರನ್ನು ನ್ಯಾಯಾಧಿಕಾರಿಯೊಬ್ಬ ತಡೆದು, ಶವಪೆಟ್ಟಿಗೆಯನ್ನು ಬೀದಿಗೆ ಕೆಡವಿಸಿ, ಸಿಕ್ಕವರನ್ನು ಐಲ್ಸ್‌ಬರಿ ಜೈಲಿಗೆ ಅಟ್ಟಿದ್ದ.

ಬಿಡುಗಡೆಯಾದ ಮೇಲೆ ನೋಡಲು ಹೋದವನ ಕೈಗೆ ಮಿಲ್ಟನ್ ಒಂದು ಹಸ್ತಪ್ರತಿ ಕೊಟ್ಟು, ಓದಿ ಅಭಿಪ್ರಾಯ ಹೇಳು ಎಂದ. ಅದು ಇನ್ನೂ ಅಚ್ಚಾಗದಿದ್ದ ‘ಪ್ಯಾರಡೈಸ್ ಲಾಸ್ಟ್’. ಓದಿ ಮುಗಿಸಿ ಹಿಂದಿರುಗಿಸುವಾಗ ಎಲ್‌ವುಡ್ ಹೇಳಿದ: ‘ಕಳೆದುಹೋದ ಸ್ವರ್ಗದ ಬಗ್ಗೆ ನೀನು ಇಲ್ಲಿ ಬಹಳ ಹೇಳಿದ್ದೀಯೆ, ಮರಳಿ ಸಿಕ್ಕ ಸ್ವರ್ಗದ ಬಗ್ಗೆ ನೀನು ಹೇಳುವುದೇನು?’ ತನಗಿಂತ ಮೂವತ್ತು ವರ್ಷ ದೊಡ್ಡವನಾದ, ಯುರೋಪೇ ಬಲ್ಲ ಪಂಡಿತನಿಗೆ ‘ನೀನು’. ಆಗಲೂ ಅವನ ಟೊಪ್ಪಿ ತಲೆಯ ಮೇಲೇ ಇದ್ದಿರಬೇಕು. ಮಿಲ್ಟನ್‌ಗೆ ಅದು ಕಾಣುವಂತಿರಲಿಲ್ಲ, ಆದರೆ ಆ ‘ನೀನು’ ಕೇಳಿಸಿಯೇ ಇತ್ತು. ಅವನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಯೋಚಿಸುತ್ತ ಕೂತಿದ್ದು, ಆಮೇಲೆ ಬೇರೆ ವಿಷಯಕ್ಕೆ ಮಾತು ಹೊರಳಿಸಿದ.